ಸಹಾಯ ಬೇಕು: ಗೇಟಿಗೆ ಅಡ್ಡ ಕಾರು ನಿಲ್ಲಿಸಿದರೆ ಏನು ಮಾಡಬೇಕು?

ನಮಸ್ಕಾರ ಎಲ್ಲರಿಗೂ. ನಮ್ಮ ಮನೆ ಬೆಂಗಳೂರಿನ ಬಸವನಗುಡಿ ಕಡೆ, ಪಕ್ಕದಲ್ಲೇ ಒಂದು ಕಲ್ಯಾಣ ಮಂಟಪ. ಮದುವೆ ಸೀಸನ್ ಬಂದರೆ ಗೇಟಿಗೆ ಅಡ್ಡವಾಗಿ ಕಾರು ಬಿಟ್ಟು ಊಟಕ್ಕೆ ಹೋಗಿಬಿಡುತ್ತಾರೆ. ಅಮ್ಮನಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ಇದೆ. ಹೊರಡುವ ಹೊತ್ತಿಗೆ ಕಾರು ತೆಗೆಯಲು ಆಗದಿದ್ದರೆ ಎಷ್ಟು ಭಯ ಆಗುತ್ತದೆ ಅಂತ ಹೇಳೋದು ಕಷ್ಟ. ಗಾಜಿನ ಮೇಲೆ ಫೋನ್ ನಂಬರ್ ಕೂಡ ಇರುವುದಿಲ್ಲ.

1988ರ ಮೋಟಾರು ವಾಹನ ಕಾಯ್ದೆ ಓದಿದೆ. ಬೇರೆಯವರಿಗೆ ಅಡ್ಡಿಯಾಗುವಂತೆ ವಾಹನ ಬಿಡಬಾರದು ಅಂತ 122ನೇ ಸೆಕ್ಷನ್ ಹೇಳುತ್ತದೆ. ಪಾರ್ಕಿಂಗ್ ನಿಷೇಧ ಇರುವ ಕಡೆ ನಿಂತ ಗಾಡಿಯನ್ನು ಎಳೆಸಲು ಸಮವಸ್ತ್ರದಲ್ಲಿರುವ ಪೊಲೀಸರಿಗೆ 127ನೇ ಸೆಕ್ಷನ್‌ನಲ್ಲಿ ಅಧಿಕಾರ ಇದೆ. ಆದರೆ ಬೆಳಗಿನ ಜಾವದ ಮುಹೂರ್ತದ ಹೊತ್ತಲ್ಲಿ ಯಾರಿಗೆ ಹೇಳೋದು? ಇಂಥದ್ದಕ್ಕೆ 112ಕ್ಕೆ ಫೋನ್ ಮಾಡಿದರೆ ಬರುತ್ತಾರಾ, ಇಲ್ಲ ಟ್ರಾಫಿಕ್ ಠಾಣೆಗೇ ಹೇಳಬೇಕಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಗೇಟಿಗೆ ನಾವೇ ತಗಲಿಸಿದ ‘ನೋ ಪಾರ್ಕಿಂಗ್’ ಬೋರ್ಡನ್ನು ಪೊಲೀಸರು ಲೆಕ್ಕಕ್ಕೆ ತಗೊಳ್ತಾರಾ? ಹೂಕುಂಡ, ಕಲ್ಲು ಇಡಿ ಅಂತ ಕೆಲವರು ಹೇಳಿದರು. ರಸ್ತೆ ಎಲ್ಲರದ್ದು, ಅದು ನನಗೆ ಸರಿ ಅನಿಸಲಿಲ್ಲ. ಕಾಂಪೌಂಡ್ ಉದ್ದಕ್ಕೂ ಬೇಕಾದರೆ ನಿಲ್ಲಿಸಲಿ, ನನ್ನದೇನೂ ತಕರಾರಿಲ್ಲ. ಗೇಟಿನ ಅಗಲ ಮಾತ್ರ ಬಿಟ್ಟರೆ ಸಾಕು.

ಮಂಟಪದ ಮ್ಯಾನೇಜರ್ ಹತ್ತಿರ ಮಾತಾಡಿದೆ, ‘ಆಯ್ತು ಸಾರ್’ ಅಂದರು, ಅಷ್ಟೇ. ಮಂಟಪದವರಿಂದಲೇ ಒಬ್ಬ ಸೆಕ್ಯೂರಿಟಿಯನ್ನು ಹೊರಗೆ ನಿಲ್ಲಿಸುವಂತೆ ಮಾಡಿದವರು ಯಾರಾದರೂ ಇದ್ದೀರಾ? ಅರ್ಜಿ ಯಾರಿಗೆ ಕೊಟ್ಟಿರಿ, ಹೇಗೆ ಬರೆದಿರಿ ಅಂತ ಹೇಳಿದರೆ ತುಂಬಾ ಉಪಕಾರ ಆಗುತ್ತದೆ.