ವಾರ್ಷಿಕ ಸಂಚಿಕೆಯ ಪುಟವಿನ್ಯಾಸ: ಮೂರು ಕಾಲಂ ಹೊಂದುತ್ತಿಲ್ಲ, ಒತ್ತಕ್ಷರ ಒಡೆಯುತ್ತಿದೆ

ಪ್ರಶ್ನೆ:
ಕಾಲೇಜಿನ ವಾರ್ಷಿಕ ಸಂಚಿಕೆ. ಎ4 ಅಳತೆ, ರಕ್ಷಾಪುಟ ಬಿಟ್ಟು 62 ಪುಟದ ಅಂದಾಜು, ಸೆಂಟರ್ ಪಿನ್ (ನಡುಮಡಿಕೆಗೆ ಪಿನ್ ಹೊಡೆಯುವುದು). ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಮೂರು ಕಾಲಂ ಹಾಕಿದರೆ ಪದಗಳ ನಡುವೆ ದೊಡ್ಡ ಕಂಡಿ ಬೀಳುತ್ತಿದೆ. ಕೆಲವು ಲೇಖನ 'ನುಡಿ' ತಂತ್ರಾಂಶದಲ್ಲಿವೆ, ಕೆಲವು ಮೊಬೈಲ್‌ನಲ್ಲಿ ಟೈಪಾಗಿ ಬಂದಿವೆ. ಮೊಬೈಲ್‌ನವುಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗುತ್ತಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ 1:
ಸಾಲಂತರದಿಂದ. ಇಂಗ್ಲಿಷಿನ ಲೆಕ್ಕದಲ್ಲಿ 11 ಪಾಯಿಂಟ್ ಅಕ್ಷರಕ್ಕೆ 13 ಪಾಯಿಂಟ್ ಸಾಲಂತರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. 11ಕ್ಕೆ 16 ಇಡಿ, ಬೇಸ್‌ಲೈನ್ ಗ್ರಿಡ್ಡನ್ನೂ (ಸಾಲುಗಳನ್ನು ಕೂರಿಸುವ ಅಡ್ಡಗೆರೆಗಳನ್ನು) 16ಕ್ಕೇ ಕಟ್ಟಿ. ಆಗ ಅಕ್ಕಪಕ್ಕದ ಕಾಲಂಗಳ ಸಾಲುಗಳು ಒಂದೇ ಮಟ್ಟಕ್ಕೆ ನಿಲ್ಲುತ್ತವೆ.

ಮೂರು ಕಾಲಂ ಬಿಟ್ಟುಬಿಡಿ. ವಿಭಕ್ತಿ, ಸಂಧಿ ಸೇರಿ ನಮ್ಮ ಪದಗಳು ಉದ್ದ. ಕಿರಿದಾದ ಸಾಲಿನಲ್ಲಿ ಮೂರೇ ಪದ ಕೂತು, ಜಸ್ಟಿಫೈ ಮಾಡಿದರೆ (ಎರಡೂ ಅಂಚಿಗೆ ಸಮ ಹೊಂದಿಸಿದರೆ) ಕಂಡಿ ಬಿದ್ದೇ ಬೀಳುತ್ತದೆ. ಒಳ ಅಂಚು 20, ಹೊರ ಅಂಚು 15, ಕಾಲಂ ನಡುವೆ 5 ಮಿ.ಮೀ. ಕೊಟ್ಟರೆ ತಲಾ 85 ಮಿ.ಮೀ.ನ ಎರಡು ಕಾಲಂ ಸಿಗುತ್ತವೆ. ಕವಿತೆಗೆ ಮಾತ್ರ ಒಂದೇ ಕಾಲಂ, ಎಡಕ್ಕೆ ಹೊಂದಿಸಿ. ಕವಿತೆಯನ್ನು ನಟ್ಟನಡುವೆ ಹೊಂದಿಸುವ ಚಾಳಿ ಲಗ್ನಪತ್ರಿಕೆಗೇ ಇರಲಿ.

ಉಪಶೀರ್ಷಿಕೆಯ ಮೇಲೆ ಹೆಚ್ಚು, ಕೆಳಗೆ ಕಡಿಮೆ ಜಾಗ ಬಿಡಿ. ಎರಡೂ ಕಡೆ ಸಮ ಬಿಟ್ಟರೆ ಅದು ಯಾವ ಪ್ಯಾರಾಗೆ ಸೇರಿದ್ದೆಂದು ತಿಳಿಯುವುದಿಲ್ಲ. ಫಾಂಟ್ ಎರಡು ಸಾಕು.

ಉತ್ತರ 2:
ಒತ್ತಕ್ಷರ ಒಡೆಯುವುದು ಫಾಂಟಿನ ತಪ್ಪಲ್ಲ, ಅಕ್ಷರ ಜೋಡಿಸಿ ಸಾಲು ಕಟ್ಟುವ ಇನ್‌ಡಿಸೈನ್‌ನ ಕಂಪೋಸರ್‌ನದು. ಪ್ಯಾರಾಗ್ರಾಫ್ ಸ್ಟೈಲ್‌ನ ಜಸ್ಟಿಫಿಕೇಷನ್‌ನಲ್ಲಿ 'ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್' ಆರಿಸಿ. ಬಿಡಿ ಪ್ಯಾರಾಗೆ ಹಾಕಿದರೆ ಮುಂದಿನ ಲೇಖನದಲ್ಲಿ ಮತ್ತೆ ಅದೇ ರಗಳೆ, ಸ್ಟೈಲ್‌ನಲ್ಲೇ ಹಾಕಿ.

ನುಡಿಯ ಹಳೆಯ ಆಸ್ಕಿ ಫಾಂಟಿನ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸಿದ ಫಾಂಟ್) ಲೇಖನಗಳನ್ನು ಪುಟಕ್ಕೆ ಸುರಿಯುವ ಮೊದಲೇ ಯೂನಿಕೋಡ್‌ಗೆ ತಿರುಗಿಸಿ. ತಿರುಗಿಸಿದ ಮೇಲೆ ಅರ್ಕಾವತ್ತನ್ನು ಕಣ್ಣಿಟ್ಟು ನೋಡಿ, 'ಕಾರ್ಯ', 'ವರ್ಷ'ಗಳಲ್ಲಿ ಅದು ಜಾಗ ತಪ್ಪಬಹುದು. ನಡುವೆ ಇಂಗ್ಲಿಷ್ ಪದವಿದ್ದರೆ ಅದೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತದೆ. ಕರಡು ತಿದ್ದುವುದು ಇದಾದ ಮೇಲೆಯೇ.

ಮತ್ತೊಂದು, 62 ಪುಟ ಸೆಂಟರ್ ಪಿನ್‌ಗೆ ಬಾರದು. ಪುಟಸಂಖ್ಯೆ ನಾಲ್ಕರಿಂದ ಭಾಗವಾಗಬೇಕು: 60 ಅಥವಾ 64. 64 ಆದರೆ 16 ಹಾಳೆ ಒಂದರೊಳಗೊಂದು ಮಡಚಿ ಕೂರುತ್ತವೆ. 80 ಜಿಎಸ್‌ಎಂ ಕಾಗದದಲ್ಲೂ ನಡುವಿನ ಹಾಳೆ ಸುಮಾರು ಒಂದೂವರೆ ಮಿ.ಮೀ. ಹೊರಚಾಚಿ, ಕಟಿಂಗ್‌ನಲ್ಲಿ ಅಷ್ಟು ಹೋಗುತ್ತದೆ. ಪುಟಸಂಖ್ಯೆಯನ್ನು ಅಂಚಿಗೆ ಅಂಟಿಸಬೇಡಿ.

ಪ್ರಶ್ನೆ ಕೇಳಿದವರು:
ಕಂಪೋಸರ್ ಬದಲಿಸಿದೆ, ಒತ್ತಕ್ಷರ ಸರಿಯಾಯಿತು. ಫೋಟೊಗಳೆಲ್ಲ ವಾಟ್ಸ್‌ಆಪ್‌ನಲ್ಲಿ ಬಂದಿವೆ, ನಡೆಯುತ್ತದೆಯೇ?

ಉತ್ತರ 1:
ಒಂದು ಕಾಲಂ ಅಗಲಕ್ಕೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಸುಮಾರು 1,000 ಪಿಕ್ಸೆಲ್ ಸಾಕು, ಆ ಅಳತೆಗೆ ನಡೆಯಬಹುದು. ಪೂರ್ತಿ ಪುಟಕ್ಕೆ ಬ್ಲೀಡ್ (ಕಟಿಂಗ್‌ಗೆಂದು ಅಂಚಿನಾಚೆ ಬಿಡುವ ಭಾಗ) 3 ಮಿ.ಮೀ. ಸೇರಿ 2,550 ಪಿಕ್ಸೆಲ್ ಅಗಲ ಬೇಕು. ಅಂಥ ಫೋಟೊಗಳನ್ನು 'ಡಾಕ್ಯುಮೆಂಟ್' ಆಗಿ ಮತ್ತೆ ಕಳಿಸಲು ಹೇಳಿ. ತರಗತಿಯ ಗುಂಪುಚಿತ್ರಗಳನ್ನಂತೂ ಖಂಡಿತ ಮತ್ತೆ ತರಿಸಿ, ಹಿಂದಿನ ಸಾಲಿನವರ ಮುಖ ಕಲಸಿಹೋದರೆ ದೂರು ಬರುವುದು ಅಲ್ಲಿಂದಲೇ.