ಅಧ್ಯಯನದಿಂದ ತಿಳಿದದ್ದಕ್ಕೆ ‘ಸಾಕ್ಷ್ಯ’ ಅನ್ನಬಹುದೇ?

ನಮಸ್ಕಾರ. ಮಂಗಳೂರಿನಲ್ಲಿ ಪಿಯುಸಿ ಮಕ್ಕಳ ಹೆತ್ತವರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇವೆ. ಅದರಲ್ಲಿ ಒಂದು ಪದ ಸಿಕ್ಕಿಹಾಕಿಕೊಂಡಿದೆ.

ಗಾಂಜಾ, ಹೊಡೆದಾಟದ ಸಹವಾಸಕ್ಕೆ ಬಿದ್ದ ಹುಡುಗರನ್ನು ‘ಒಮ್ಮೆ ಕೊಡಿಯಾಲಬೈಲಿನ ಜೈಲಿಗೆ ಕರ್ಕೊಂಡು ಹೋಗಿ ತೋರಿಸಿ, ಹೆದರಿ ಸರಿಯಾಗ್ತಾರೆ’ ಎನ್ನುವವರು ಇದ್ದಾರೆ. ಅಮೆರಿಕದಲ್ಲಿ ಇದನ್ನೇ ಮಾಡಿ ನೋಡಿದ್ದಾರೆ. 1970ರ ದಶಕದಲ್ಲಿ ನ್ಯೂಜೆರ್ಸಿಯ ರಾವೇ ಜೈಲಿನಲ್ಲಿ ಜೀವಾವಧಿ ಕೈದಿಗಳು ಹುಡುಗರನ್ನು ಎದುರು ಕೂರಿಸಿ, ಕೂಗಾಡಿ ಹೆದರಿಸುತ್ತಿದ್ದರು. ಇಂಥ ಕಾರ್ಯಕ್ರಮಗಳ 9 ಪ್ರಯೋಗಗಳನ್ನು ಆಮೇಲೆ ಒಟ್ಟಿಗೆ ಇಟ್ಟು ಪರಿಶೀಲಿಸಿದರು. ಚೀಟಿ ಎತ್ತಿದ ಹಾಗೆ ಕೆಲವರನ್ನು ಜೈಲಿಗೆ ಕಳಿಸಿ, ಕೆಲವರನ್ನು ಕಳಿಸದೆ ಹೋಲಿಸಿದ ಪ್ರಯೋಗಗಳು ಅವು. ಸುಧಾರಿಸುವುದಿರಲಿ, ಜೈಲು ನೋಡಿ ಬಂದವರೇ ಮತ್ತೆ ಅಪರಾಧ ಮಾಡಿದ್ದು ಜಾಸ್ತಿ. ಮಕ್ಕಳ ಬಾಳಿನ ಪ್ರಶ್ನೆ ಇದು, ಹೆತ್ತವರಿಗೆ ಸರಿಯಾಗಿ ತಲುಪಲೇಬೇಕು.

ಕರಡಿನಲ್ಲಿ ‘ಸಂಶೋಧನೆಯ ಸಾಕ್ಷ್ಯ ಬೇರೆಯೇ ಹೇಳುತ್ತದೆ’ ಎಂದಿತ್ತು. ಓದಿದ ತಾಯಿಯೊಬ್ಬರು ಕೇಳಿದರು: ‘ಸಾಕ್ಷಿ ಹೇಳಿದ್ದು ಯಾರು? ಕೇಸು ಯಾವ ಕೋರ್ಟಿನಲ್ಲಿ?’ ಅವರು ಕೇಳಿದ್ದು ಸಹಜವೇ. ‘ಸಾಕ್ಷ್ಯ’ ಅಂದರೆ ನಮ್ಮ ಕಿವಿಗೆ ಕಟಕಟೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ ಹೆಸರಲ್ಲೂ ಅದೇ ಪದ. ಅಲ್ಲಿ ವಿಷಯ ಒಬ್ಬ ಆರೋಪಿಯದು, ಒಂದು ಘಟನೆಯದು. ಇಲ್ಲಿ ನೂರಾರು ಹುಡುಗರಲ್ಲಿ ಏನಾಯಿತು ಎನ್ನುವ ಲೆಕ್ಕ.

ಇನ್ನೂ ದೊಡ್ಡ ತೊಡಕು ‘ಸಾಕ್ಷ್ಯಾಧಾರಗಳ ಕೊರತೆ’. ಪತ್ರಿಕೆಯಲ್ಲಿ ಈ ಮಾತಿನ ಬೆನ್ನಿಗೇ ‘ಖುಲಾಸೆ’ ಬರುತ್ತದೆ, ಅಲ್ವಾ? ಆದರೆ ಒಂದು ಯೋಜನೆಯ ಬಗ್ಗೆ ಹಾಗೆಂದರೆ, ಅದು ಕೆಲಸ ಮಾಡುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ ಎಂದಷ್ಟೇ ಅರ್ಥ. ಹೊಸ ಯೋಜನೆಗೆ ಹಣ ಹಾಕುವ ಮೊದಲು ಇದು ಸ್ಪಷ್ಟವಿರಬೇಕು.

‘ರುಜುವಾತು’ ನನಗೆ ಬೇಡ. ಅದು ತೀರ್ಪೇ ಬಂದುಬಿಟ್ಟ ಹಾಗೆ. ನಾಳೆ ಇನ್ನೊಂದು ಅಧ್ಯಯನ ಬೇರೆ ಹೇಳಿದರೆ? ‘ಆಧಾರ’ ಚೆನ್ನಾಗಿದೆ, ಆದರೆ ಈಗ ಮೊದಲು ನೆನಪಾಗುವುದು ಕಾರ್ಡು. ‘ಪುರಾವೆ’ಯಲ್ಲಿ ‘ಬಲವಾದ’, ‘ಸಾಲದ’ ಎಂದು ಹೆಚ್ಚು ಕಡಿಮೆ ಹೇಳಲು ಬರುತ್ತದೆ. ಸದ್ಯಕ್ಕೆ ‘ಅಧ್ಯಯನದ ಪುರಾವೆ’ ಎಂದಿಟ್ಟಿದ್ದೇನೆ. ಹೆತ್ತವರಿಗೆ ಓದಿ ಹೇಳುವಾಗ ಮಾತ್ರ ‘ಪರೀಕ್ಷಿಸಿ ನೋಡಿದಾಗ ಕಂಡದ್ದು’ ಎನ್ನುತ್ತೇನೆ.

ಕೋರ್ಟು, ಪೊಲೀಸ್ ತರಬೇತಿಯಲ್ಲಿ ಕನ್ನಡ ಬಳಸುವವರು ಇದ್ದರೆ ತಿಳಿಸಿ: ‘ಪುರಾವೆ’ ಎಂದರೂ ನಿಮ್ಮಲ್ಲಿ ಕೇಸಿನ ಫೈಲೇ ಕಣ್ಣಮುಂದೆ ಬರುತ್ತದೆಯೇ?