ಪದ ಬೇಕಿತ್ತು: ‘ಐ-ಡೀಲ್’ಗೆ ಕನ್ನಡ (ನಾಳೆ ಬೆಳಿಗ್ಗೆಯೊಳಗೆ)

ಸುಂಟಿಕೊಪ್ಪದಿಂದ:
ಎಲ್ಲರಿಗೂ ನಮಸ್ಕಾರ. ಕಾಫಿ ತೋಟದ ರೈಟರ್ (ಲೆಕ್ಕ ಬರೆಯುವವರು), ಮೇಸ್ತ್ರಿಗಳ ತರಬೇತಿಗೆ ಒಂದು ಕೈಪಿಡಿ ಅನುವಾದ ಮಾಡ್ತಿದ್ದೇನೆ. ನಾಳೆ ಬೆಳಿಗ್ಗೆ ಮಡಿಕೇರಿಯ ಪ್ರೆಸ್ಸಿಗೆ ಕೊಡಬೇಕು. ‘ಐ-ಡೀಲ್’ ಅನ್ನೋ ಪದದಲ್ಲಿ ಸಿಕ್ಕಿಕೊಂಡಿದ್ದೇನೆ. ಪೂರ್ತಿ ರೂಪ ‘ಇಡಿಯೊಸಿಂಕ್ರಾಟಿಕ್ ಡೀಲ್’. ಅಮೆರಿಕದ ಪ್ರೊಫೆಸರ್ ಡೆನಿಸ್ ರೂಸೋ ಬಳಕೆಗೆ ತಂದದ್ದು. ಎಲ್ಲರಿಗೂ ಒಂದೇ ನಿಯಮ ಇರುವ ಕಡೆ ಒಬ್ಬ ಕೆಲಸಗಾರ ತನಗೆ ಬೇಕಾದ್ದನ್ನು ಕೇಳಿ, ಮಾಲೀಕರನ್ನು ಒಪ್ಪಿಸುವುದು. ಕೆಲಸದ ಹೊತ್ತು, ಜಾಗ, ಕೆಲಸದ ಬಗೆ, ಸಂಬಳ, ಯಾವುದಾದರೂ ಆಗಬಹುದು. ಆದರೆ ಇಬ್ಬರಿಗೂ ಅನುಕೂಲ ಇರಬೇಕು. ಮುಲಾಜಿಗೆ ಕೊಟ್ಟದ್ದು ಇದಲ್ಲ. ಹೇಳದೆ ಕೇಳದೆ ತೆಗೆದುಕೊಂಡದ್ದೂ ಅಲ್ಲ.

ಕೈಪಿಡಿಗೆ ನಾನು ಕೊಟ್ಟ ಉದಾಹರಣೆ: ಮಗುವನ್ನು ಅಂಗನವಾಡಿಗೆ ಬಿಟ್ಟು ಒಬ್ಬಳು ಒಂಬತ್ತೂವರೆಗೆ ತೋಟಕ್ಕೆ ಬರ್ತಾಳೆ. ಬದಲಿಗೆ ಸಂಜೆ ಹಣ್ಣು ತೂಕ ಮುಗಿಯುವ ತನಕ ನಿಂತು ಚೀಲ ಕಟ್ಟಿಸ್ತಾಳೆ. ಇದಕ್ಕೆ ‘ವೈಯಕ್ತಿಕ ಒಪ್ಪಂದ’ ಅಂತ ಬರೆದೆ. ಓದಿದ ಮೇಸ್ತ್ರಿ “ಸಾಲದ ಪತ್ರನಾ ಅಕ್ಕಾ?” ಅಂದರು. ‘ಪರ್ಫಾರ್ಮೆನ್ಸ್’ಗೂ ಒಂದು ಮಾತು ಹೇಳಿ. ‘ಕಾರ್ಯಕ್ಷಮತೆ’ ಅವರ ಬಾಯಲ್ಲಿ ಬರೋದಿಲ್ಲ.

ವಿರಾಜಪೇಟೆಯಿಂದ:
ಹುಡುಕೋದೇ ಬೇಡ ಮೇಡಂ. ‘ಒಡಂಬಡಿಕೆ’. ಒಡಂ, ಪಡು ಸೇರಿ ಒಡಂಬಡು; ಅನುನಾಸಿಕದ ಮುಂದೆ ಪಕಾರ ಬಕಾರ ಆಗಿದೆ. ಅಚ್ಚ ಕನ್ನಡ. ಇಡಿಯೊಸ್ ಅಂದರೆ ಗ್ರೀಕಿನಲ್ಲಿ ‘ಸ್ವಂತದ್ದು’. ಹಾಗಾಗಿ ‘ತನ್ನೊಡಂಬಡಿಕೆ’. ಪರ್ಫಾರ್ಮೆನ್ಸಿಗೆ ‘ಗೆಯ್ಮೆ’.

ಸೋಮವಾರಪೇಟೆಯಿಂದ:
ಆಗೋದಿಲ್ಲ ಸರ್. ಒಡಂಬಡಿಕೆ ಅಂದರೆ ಜನಕ್ಕೆ ಬೈಬಲ್ ನೆನಪಾಗುತ್ತೆ, ಹಳೆಯದು, ಹೊಸದು. ಗೆಯ್ಮೆ ಅಂದರೆ ದುಡಿತ, ದುಡಿತದ ಮಟ್ಟ ಅಲ್ಲ. ‘ಸ್ಪೆಷಲ್ ಕರಾರು’ ಅಂತ ಹಾಕಿ ಮುಗಿಸಿ.

ವಿರಾಜಪೇಟೆಯಿಂದ:
ಒಂದು ಇಂಗ್ಲಿಷ್, ಒಂದು ಅರಬ್ಬಿ. ಎರಡರ ನಡುವೆ ಕನ್ನಡಕ್ಕೆ ಜಾಗವೇ ಇಲ್ವಾ? ಹೀಗೇ ಒಂದೊಂದಾಗಿ ಬಿಟ್ಟುಕೊಟ್ಟು ಬಂದಿದ್ದೇವೆ.

ಸೋಮವಾರಪೇಟೆಯಿಂದ:
ಕಾಫಿಯೂ ಅರಬ್ಬಿ ಮೂಲದ್ದೇ. ರಜಾ, ಹಾಜರಿ ಕೂಡ. ಹಾಜರಿ ಪುಸ್ತಕ ಇಲ್ಲದ ತೋಟ ತೋರಿಸಿ. ಬಳಸಿದವರದ್ದು ಪದ.

ಪೊನ್ನಂಪೇಟೆಯಿಂದ:
ಇಬ್ಬರೂ ಸ್ವಲ್ಪ ನಿಲ್ಲಿ. ತೋಟದಲ್ಲಿ ಜನ ಇದಕ್ಕೆ ಏನು ಅಂತಾರೆ? “ಸಾವ್ಕಾರ್ರ ಹತ್ರ ಮಾತಾಡ್ಕೊಂಡಿದ್ದೀನಿ.” ಎಲ್ಲ ಅದರಲ್ಲೇ ಇದೆ. ‘ಮಾತಾಡಿ’ಯಲ್ಲಿ ಮಾತುಕತೆ ಬಂತು. ‘ಕೊಳ್’ನಲ್ಲಿ ತನಗೋಸ್ಕರ ಅನ್ನೋದು ಬಂತು. ಇಂಗ್ಲಿಷಿನಲ್ಲಿ ಗ್ರೀಕ್ ಪದ ತಂದು ಹೇಳಿದ್ದನ್ನು ನಮ್ಮ ಒಂದು ಸಹಾಯಕ ಕ್ರಿಯಾಪದ ಹೇಳುತ್ತೆ. ನಾಮಪದ ಬೇಕಾದರೆ ‘ಮಾತಾಡಿಕೊಂಡ ಏರ್ಪಾಡು’. ಮಾರ್ಪಡು–ಮಾರ್ಪಾಡು ಇದ್ದ ಹಾಗೆ ಏರ್ಪಡು–ಏರ್ಪಾಡು. ವಿರಾಜಪೇಟೆಯವರಿಗೂ ತಕರಾರು ಇರಬಾರದು.

ಯಾರಾದರೂ ‘ಒಳಒಪ್ಪಂದ’ ಅನ್ನೋ ಮೊದಲೇ ಹೇಳ್ತೇನೆ, ಅದು ಖಂಡಿತ ಬೇಡ. ಗುಟ್ಟಿನ ವಾಸನೆ ಬರುತ್ತೆ. ಕೇಳಿದ್ದು ಸಿಕ್ಕಿದವರು ಆ ನಂಬಿಕೆಗೆ ತಕ್ಕ ಹಾಗೆ ಚೆನ್ನಾಗಿ ಕೆಲಸ ಮಾಡಬೇಕು ಅಂದುಕೊಳ್ತಾರೆ, ನಿಜ. ಆದರೆ ಪಕ್ಕದ ಸಾಲಿನಲ್ಲಿ ಕೊಯ್ಯುವವಳಿಗೆ “ಅವಳಿಗೆ ಮಾತ್ರ ಯಾಕೆ” ಅನ್ನಿಸಿದರೆ ಇವಳಿಂದ ಬಂದ ಲಾಭ ಅಲ್ಲಿ ಹೋಗುತ್ತೆ. ಪದವೇ ಆ ಅನುಮಾನ ಹುಟ್ಟಿಸಬಾರದು.

ಪರ್ಫಾರ್ಮೆನ್ಸಿಗೆ ಒಂದೇ ಪದ ಹುಡುಕಬೇಡಿ. ‘ಕೆಲಸ ಹೇಗೆ ನಡೆದಿದೆ’ ಅಂತ ಬಿಡಿಸಿ ಬರೆಯಿರಿ. ಹಣ್ಣು ಕೊಯ್ಯುವವರದ್ದು ಕಿಲೋದಲ್ಲಿ ಗೊತ್ತಾಗುತ್ತೆ. ಕಸಿ ಮಾಡುವವರದ್ದು, ನೆರಳಿನ ಮರ ಸವರುವವರದ್ದು ತಕ್ಕಡಿಗೆ ಬರೋದಿಲ್ಲ.

ಸುಂಟಿಕೊಪ್ಪದಿಂದ:
ತುಂಬಾ ಉಪಕಾರ ಆಯ್ತು. ಈಗಷ್ಟೇ ಮೇಸ್ತ್ರಿಗೆ ಫೋನಿನಲ್ಲಿ ಓದಿ ಹೇಳಿದೆ. “ಹಾಂ, ಲೇಟಾಗಿ ಬರೋ ಆ ಹೆಂಗಸಿನ ವಿಷಯ ಅಲ್ವಾ?” ಅಂದರು. ‘ಮಾತಾಡಿಕೊಂಡ ಏರ್ಪಾಡು’ ಅಂತಲೇ ಹಾಕ್ತಿದ್ದೇನೆ. ಮೊದಲ ಸಲ ಬರುವ ಕಡೆ ಮಾತ್ರ ಪಕ್ಕದಲ್ಲಿ ‘ಐ-ಡೀಲ್’ ಇರುತ್ತೆ.

ವಿರಾಜಪೇಟೆಯಿಂದ:
ಏರ್ಪಾಡು ಒಪ್ಪಿದೆ. ಪಕ್ಕದ ‘ಐ-ಡೀಲ್’ ತೆಗೆಯಿರಿ.